ಯುದ್ಧಕಾಲದ ಪೈಲಟ್‌ಗಳ ಪತ್ರ ಸಂಗ್ರಹಿಸುವುದು ಹೇಗೆ?

ಎರಡನೇ ಮಹಾಯುದ್ಧದ ಪೈಲಟ್‌ಗಳ ಸಹಿ ಬೇಕೆಂದರೆ ಆನ್‌ಲೈನ್ ಹರಾಜುಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಹೆಚ್ಚಿನವು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಅಚ್ಚಾದ ಚಿತ್ರಗಳ ಮೇಲೆ ಹಾಕಿಕೊಟ್ಟವು. ಗೋಡೆಗೆ ಚೆನ್ನಾಗಿರುತ್ತವೆ, ಆದರೆ ಓದಲು ಏನಿದೆ? ಯಾರೂ ಕೇಳಿರದ ಪೈಲಟ್ ಒಬ್ಬ 1940ರಲ್ಲಿ ಮನೆಗೆ ಬರೆದ ಪತ್ರ ನನ್ನ ಪಾಲಿಗೆ ಅದಕ್ಕಿಂತ ಮೇಲು. ಅದರಲ್ಲಿ ತಾರೀಖು, ಜಾಗ, ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಇರುತ್ತವೆ. ಅವನ್ನು ತಾಳೆ ನೋಡಬಹುದು.

ಮೊದಲು ವ್ಯಾಪ್ತಿ ಕಿರಿದಾಗಿಸಿ

ಸಿಕ್ಕಿದ್ದೆಲ್ಲ ಕೊಳ್ಳಬೇಡಿ. ಒಂದು ಸ್ಕ್ವಾಡ್ರನ್, ಒಂದು ಕಾಳಗ ಆರಿಸಿಕೊಳ್ಳಿ. ಬ್ರಿಟನ್ನಿನ ವಾಯುಪಡೆ ಆರ್‌ಎಎಫ್‌ನಿಂದ ಶುರು ಮಾಡುವುದು ಸುಲಭ, ದಾಖಲೆ ಚೆನ್ನಾಗಿ ಉಳಿದಿವೆ. ನಮ್ಮವರೂ ಅಲ್ಲಿದ್ದರು. 1940ರಲ್ಲಿ 24 ಭಾರತೀಯ ಪೈಲಟ್‌ಗಳು ಬ್ರಿಟನ್ನಿಗೆ ಹೋದರು. ಅವರಲ್ಲಿ ಮಹಿಂದರ್ ಸಿಂಗ್ ಪುಜ್ಜಿ ಒಬ್ಬರು.

ಬೆಲೆಗೂ ಸಾಹಸಕ್ಕೂ ನೇರ ಸಂಬಂಧವಿಲ್ಲ. ಆರ್‌ಎಎಫ್‌ನ ಹೆಸರಾಂತ ಪೈಲಟ್ ಡಗ್ಲಸ್ ಬೇಡರ್ 1982ರವರೆಗೆ ಬದುಕಿ ಸಾಕಷ್ಟು ಸಹಿ ಹಾಕಿದರು. ಜರ್ಮನಿಯ ಅಣೆಕಟ್ಟುಗಳ ಮೇಲಿನ ದಾಳಿ ನಡೆಸಿದ ಗೈ ಗಿಬ್ಸನ್ 1944ರಲ್ಲಿ, 26ನೇ ವಯಸ್ಸಿಗೇ ಸತ್ತರು. ಅವರ ಸಹಿ ಅಪರೂಪ, ಹಾಗಾಗಿ ನಕಲಿ ಮಾಡುವವರ ಕಣ್ಣೂ ಅದರ ಮೇಲೆ.

ತಾರೀಖು ತಾಳೆ ನೋಡಿ

ಇದೇ ಮುಖ್ಯ ಕೆಲಸ. ಸ್ಕ್ವಾಡ್ರನ್‌ಗಳ ದಿನಚರಿ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಎಂಬ ಸರಣಿಯಲ್ಲಿವೆ, ಕಾಳಗದ ವರದಿಗಳು 'ಏರ್ 50'ರಲ್ಲಿ. ಬಡ್ತಿ, ಪದಕಗಳ ಪ್ರಕಟಣೆ ಲಂಡನ್ ಗೆಜೆಟ್‌ನಲ್ಲಿ ಸಿಗುತ್ತದೆ. ಪತ್ರದಲ್ಲಿರುವ ಹುದ್ದೆ, ಊರು, ದಿನ ಈ ದಾಖಲೆಗಳಿಗೆ ಹೊಂದಬೇಕು. ಬೇಡರ್ 1941ರ ಆಗಸ್ಟ್ 9ರಂದು ಜರ್ಮನರಿಗೆ ಸೆರೆ ಸಿಕ್ಕರು, 1945ರವರೆಗೆ ಬಿಡುಗಡೆ ಇಲ್ಲ. 1942ರಲ್ಲಿ ಇಂಗ್ಲೆಂಡಿನ ವಿಮಾನನೆಲೆಯಿಂದ ಅವರು ಬರೆದ ಪತ್ರ ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

ಆಮೇಲೆ ಕಾಗದ, ಮಸಿ

ನೋಟು ಪರೀಕ್ಷಿಸುವ ನೇರಳಾತೀತ (ಯುವಿ) ಟಾರ್ಚ್ ಸಾಕು. ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದು ರೂಢಿಗೆ ಬಂದದ್ದು 1950ರ ಸುಮಾರಿಗೆ. 'ಯುದ್ಧಕಾಲದ' ಹಾಳೆ ನೀಲಿಯಾಗಿ ಫಳಫಳ ಹೊಳೆದರೆ ಅನುಮಾನಪಡಿ. ಹೊಳೆಯದಿದ್ದರೆ ಅಸಲಿ ಎಂದೂ ಅಲ್ಲ, ಹಳೆ ಖಾಲಿ ಹಾಳೆ ಸಿಗುವುದು ಕಷ್ಟವೇನಲ್ಲ. ಮಾರ್ಕರ್ ಪೆನ್ನಿನ ಸಹಿಯಂತೂ ನಂತರದ ಕಾಲದ್ದೇ.

ಏರ್‌ಗ್ರಾಫ್ ಎಂಬ ಪತ್ರಗಳ ಬಗ್ಗೆ ಸ್ವಲ್ಪ ಹುಷಾರು. 1941ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪತ್ರದ ಫೋಟೊ ತೆಗೆದು, ಫಿಲ್ಮನ್ನು ವಿಮಾನದಲ್ಲಿ ಕಳಿಸಿ, ಆ ಕಡೆ ಪ್ರಿಂಟ್ ಹಾಕಿ ಕೊಡುತ್ತಿದ್ದರು. ಪತ್ರ ಅಸಲಿಯೇ, ಆದರೆ ಅದರ ಮೇಲಿನ ಸಹಿ ಬರೀ ಫೋಟೊ. 'ಸಹಿ ಇರುವ ಪತ್ರ' ಎಂದು ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.

ಲಾಗ್‌ಬುಕ್ ಸಿಕ್ಕರೆ ಬಿಡಬೇಡಿ

ಪೈಲಟ್ ಹಾರಿದ ಪ್ರತಿ ಹಾರಾಟದ ಲೆಕ್ಕ ಇದರಲ್ಲಿರುತ್ತದೆ: ವಿಮಾನದ ನಂಬರು, ಹೊತ್ತು, ಕೆಲಸ. ರಾತ್ರಿ ಹಾರಾಟಗಳನ್ನು ಸಾಮಾನ್ಯವಾಗಿ ಕೆಂಪು ಮಸಿಯಲ್ಲಿ ಬರೆಯುತ್ತಿದ್ದರು. ತಿಂಗಳ ಕೊನೆಯ ಮೊತ್ತಕ್ಕೆ ಮೇಲಧಿಕಾರಿ ಸಹಿ ಹಾಕಬೇಕಿತ್ತು. ಹಾಗಾಗಿ ಸಾಮಾನ್ಯ ಪೈಲಟ್‌ನ ಪುಸ್ತಕದಲ್ಲೂ ಹೆಸರಾಂತ ಕಮಾಂಡರ್ ಸಹಿ ಸಿಕ್ಕಬಹುದು, ಅದೂ ಕೆಲಸದ ನಡುವೆ ಹಾಕಿದ್ದು. ಲಾಗ್‌ಬುಕ್, ಪತ್ರ, ಫೋಟೊ ಒಟ್ಟಿಗೆ ಬಂದರೆ ಒಟ್ಟಿಗೇ ಇಡಿ. ಒಂದೊಂದಾಗಿ ಮಾರಿದರೆ ಕಾಸು ಜಾಸ್ತಿ ಹುಟ್ಟುತ್ತದೆ ನಿಜ, ಆದರೆ ಯಾವುದು ಯಾರದ್ದು ಎಂಬ ಆಧಾರವೇ ಹೋಗುತ್ತದೆ.

ಕೊಳ್ಳುವಾಗ, ಇಡುವಾಗ

ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ಸಾಗಣೆ, ಕಸ್ಟಮ್ಸ್ ಸೇರುತ್ತವೆ. ಮೊದಲೇ ಲೆಕ್ಕ ಹಾಕಿ. ಯಾರ ಮನೆಯಿಂದ ಬಂತೆಂದು ಬರವಣಿಗೆಯಲ್ಲಿ ಕೇಳಿ, ರಸೀದಿ ಜೋಪಾನ ಮಾಡಿ.

ಲ್ಯಾಮಿನೇಟ್ ಮಾಡಿಸಬೇಡಿ, ಸೆಲೋಟೇಪ್ ಅಂಟಿಸಬೇಡಿ. ತುಕ್ಕು ಹಿಡಿದ ಪಿನ್ನು ನಿಧಾನವಾಗಿ ತೆಗೆಯಿರಿ. ಪಿವಿಸಿ ಕವರ್ ಬದಲು ಪಾಲಿಯೆಸ್ಟರ್ ಕವರ್, ಆಮ್ಲರಹಿತ ಕಾಗದದ ಪೆಟ್ಟಿಗೆ ಬಳಸಿ. ನಮ್ಮ ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು. ಗೋಡೆಯ ಮೇಲೆ ಪ್ರತಿ ಹಾಕಿ, ಮೂಲ ಕತ್ತಲಲ್ಲಿರಲಿ.

ಪತ್ರ ನಿಮ್ಮದಾದರೂ ಅದರೊಳಗಿನ ಬರಹದ ಹಕ್ಕು ಬರೆದವರ ಅಥವಾ ವಾರಸುದಾರರದ್ದೇ. ಅಚ್ಚು ಹಾಕಿಸುವ ಮುನ್ನ ಅವರ ಒಪ್ಪಿಗೆ ಕೇಳಿ. ಇನ್ನು, 75 ವರ್ಷ ದಾಟಿದ ಐತಿಹಾಸಿಕ ಮಹತ್ವದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಇಲ್ಲಿನ ಮನೆತನವೊಂದರಿಂದ ಕೊಂಡ ಹಳೆಯ ಪತ್ರವನ್ನು ಹೊರದೇಶಕ್ಕೆ ಮಾರುವ ಯೋಚನೆಯಿದ್ದರೆ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.