ಸಮ್ಮೋಹನ ಚಿಕಿತ್ಸೆಗೆ ಸಂಗೀತ: ಮೊದಲು ಉಸಿರಿನ ವೇಗ ಹಿಡಿಯಿರಿ

ಆತಂಕದಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿರುವಾಗ ಯಾರಾದರೂ ತೀರಾ ನಿಧಾನದ ಕೊಳಲು ಹಾಕಿದರೆ ಹೇಗನಿಸುತ್ತದೆ? ಹಲವರಿಗೆ ಹಿತವಾಗುವ ಬದಲು ಕಿರಿಕಿರಿಯಾಗುತ್ತದೆ. ಮೈ ಓಡುತ್ತಿರುತ್ತದೆ, ಸಂಗೀತ ತೆವಳುತ್ತಿರುತ್ತದೆ. ಎರಡಕ್ಕೂ ಹೊಂದಿಕೆಯೇ ಇರುವುದಿಲ್ಲ.

ಅಳುವ ಮಗುವನ್ನು ಎತ್ತಿಕೊಂಡವರು ಏನು ಮಾಡುತ್ತಾರೆ ನೋಡಿ. ಮೊದಲು ಬೇಗ ಬೇಗ ತಟ್ಟುತ್ತಾರೆ. ಮಗುವಿನ ಅಳು ಇಳಿದಂತೆ ತಟ್ಟುವುದೂ ನಿಧಾನವಾಗುತ್ತದೆ. ಚಿಕಿತ್ಸೆಯಲ್ಲೂ ಕ್ರಮ ಇದೇ. ವ್ಯಕ್ತಿ ಈಗ ಯಾವ ವೇಗದಲ್ಲಿದ್ದಾರೋ ಅಲ್ಲಿಂದ ಶುರು ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಸಂಗೀತ ಚಿಕಿತ್ಸಕರು ಇದನ್ನು 'ಐಸೊ ತತ್ವ' ಎನ್ನುತ್ತಾರೆ.

ಈ ಲೇಖನ ಮುಖ್ಯವಾಗಿ ಕ್ಲಿನಿಕಲ್ ಹಿಪ್ನಾಸಿಸ್ (ಸಮ್ಮೋಹನ ಚಿಕಿತ್ಸೆ) ತರಬೇತಿ ಪಡೆದ ಆಪ್ತಸಲಹೆಗಾರರಿಗೆ ಮತ್ತು ಮನಶ್ಶಾಸ್ತ್ರಜ್ಞರಿಗೆ. ಉಸಿರಾಟದ ಭಾಗವನ್ನು ಮಾತ್ರ ಆರೋಗ್ಯವಾಗಿರುವ ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು.

ಸಮ್ಮೋಹನ ಅಂದರೆ ನಿದ್ದೆ ಅಲ್ಲ, ಪ್ರಜ್ಞೆ ತಪ್ಪುವುದೂ ಅಲ್ಲ. ಗಮನ ಒಂದೇ ಕಡೆ ನೆಟ್ಟಿರುತ್ತದೆ. ಸುತ್ತಲಿನ ಸಂಗತಿಗಳು ಹಿಂದೆ ಸರಿಯುತ್ತವೆ. ಆಗ ಚಿಕಿತ್ಸಕರ ಮಾತಿಗೆ ಮನಸ್ಸು ಮತ್ತು ಮೈ ಜಾಸ್ತಿ ಸ್ಪಂದಿಸುತ್ತವೆ. ಸಂಗೀತಕ್ಕೂ ಇದಕ್ಕೂ ನಂಟು ಹಳೆಯದು. 18ನೇ ಶತಮಾನದಲ್ಲಿ ಫ್ರಾಂಜ್ ಮೆಸ್ಮರ್ ಎಂಬ ವೈದ್ಯ ತನ್ನ ಚಿಕಿತ್ಸೆಯ ಕೋಣೆಯಲ್ಲಿ ಗ್ಲಾಸ್ ಆರ್ಮೊನಿಕಾ ನುಡಿಸುತ್ತಿದ್ದ. ತಿರುಗುವ ಗಾಜಿನ ಬಟ್ಟಲುಗಳನ್ನು ಒದ್ದೆ ಬೆರಳಿನಿಂದ ಸವರಿ ನಾದ ಹೊರಡಿಸುವ ವಾದ್ಯ ಅದು. 1761ರಲ್ಲಿ ಅದನ್ನು ರೂಪಿಸಿದವರು ಬೆಂಜಮಿನ್ ಫ್ರಾಂಕ್ಲಿನ್. ಮುಂದೆ 1784ರಲ್ಲಿ, ಮೈಯೊಳಗಿನ ಕಾಂತಶಕ್ತಿಯಿಂದ ಕಾಯಿಲೆ ವಾಸಿ ಮಾಡಬಹುದು ಎಂಬ ಮೆಸ್ಮರನ ವಾದವನ್ನು ಪರೀಕ್ಷಿಸಿದ ಫ್ರೆಂಚ್ ಆಯೋಗದಲ್ಲೂ ಅವರಿದ್ದರು. ಮೆಸ್ಮರ್ ಹೇಳಿದ ಕಾಂತಶಕ್ತಿಗೆ ಆಯೋಗಕ್ಕೆ ಪುರಾವೆ ಸಿಗಲಿಲ್ಲ. ಆಗುತ್ತಿದ್ದ ಪರಿಣಾಮ ಕಲ್ಪನೆಯಿಂದ ಎಂದು ಅದು ತೀರ್ಮಾನಿಸಿತು. ಆ ಕಲ್ಪನೆಯ ಬಲವನ್ನೇ ಇವತ್ತಿನ ಚಿಕಿತ್ಸಕರು ಗಂಭೀರವಾಗಿ ಬಳಸುತ್ತಾರೆ.

ಮೊದಲ ಹೆಜ್ಜೆ: ಕೇಳಿ, ಎಣಿಸಿ

ಸ್ಪೀಕರ್ ಮುಟ್ಟುವ ಮೊದಲು ಮಾತಾಡಿ. ಯಾವ ಸಂಗೀತ ಇಷ್ಟ, ಯಾವುದು ಕೇಳಿದರೆ ಹಿಂಸೆಯಾಗುತ್ತದೆ ಅಂತ ಕೇಳಿ. ಈ ಎರಡನೇ ಪ್ರಶ್ನೆಯನ್ನು ಬಿಡಲೇಬಾರದು. ನಿಮಗೆ ಮಧುರವಾಗಿ ಕೇಳುವ ಪಿಯಾನೊ ಅವರಿಗೆ ಒಂದು ಸಾವಿನ ದಿನವನ್ನು ನೆನಪಿಸಬಹುದು. ಕಿವಿಯಲ್ಲಿ ಗುಂಯ್‌ಗುಡುವ ತೊಂದರೆ, ಶ್ರವಣ ಸಾಧನ, ಮೂರ್ಛೆ ರೋಗ ಇದೆಯೇ ಅಂತಲೂ ತಿಳಿದುಕೊಳ್ಳಿ.

ಆಮೇಲೆ ಅವರು ಸುಮ್ನೆ ಕೂತಿರುವಾಗ ಒಂದು ನಿಮಿಷ ಉಸಿರು ಎಣಿಸಿ. ಭುಜ ಅಥವಾ ಹೊಟ್ಟೆಯ ಏರಿಳಿತ ನೋಡಿದರೆ ಸಾಕು. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ಉಸಿರು ಬದಲಾಗುತ್ತದೆ, ಹಾಗಾಗಿ ಗಮನಕ್ಕೆ ಬರದಂತೆ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಅವರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಎರಡನೇ ಹೆಜ್ಜೆ: ಸಂಗೀತದ ಆಯ್ಕೆ

ಸಾಹಿತ್ಯವಿಲ್ಲದ ಸಂಗೀತವೇ ಇರಲಿ. ಹಾಡಿನ ಪದಗಳು ನಿಮ್ಮ ಮಾತಿನ ಜೊತೆ ಪೈಪೋಟಿಗೆ ಇಳಿಯುತ್ತವೆ. ದಿಢೀರನೆ ಏರುವ ದನಿ, ಚಟಾರನೆ ಬೀಳುವ ಡ್ರಮ್ ಪೆಟ್ಟು ಬೇಡ. ನೋವು ಮರೆಯಲು ಒಬ್ಬರೇ ಕೇಳುವುದಾದರೆ ಅವರ ಮೆಚ್ಚಿನ ಹಾಡೇ ಒಳ್ಳೆಯದು. ನೀವು ಮಾತಾಡುತ್ತಾ ನಡೆಸುವ ಸೆಷನ್‌ಗೆ ಮಾತ್ರ ಹೆಚ್ಚು ಪರಿಚಯವಿಲ್ಲದ ಸಂಗೀತ ಉತ್ತಮ ಅನ್ನುವುದು ನನ್ನ ಅಭಿಪ್ರಾಯ. ಪರಿಚಿತ ರಾಗ ಮನಸ್ಸನ್ನು ತನ್ನ ನೆನಪುಗಳ ಕಡೆ ಎಳೆದುಕೊಂಡು ಹೋಗುತ್ತದೆ.

ನಿಮಿಷಕ್ಕೆ ಸುಮಾರು 80 ಬೀಟ್‌ನಲ್ಲಿ ಶುರುವಾಗಿ 60ಕ್ಕೆ ಇಳಿಯುವ ಸಾಲು ಬೇಕು. ತುಂಬಾ ಕಳವಳದಲ್ಲಿರುವವರಿಗೆ 90ರಿಂದ ಶುರು ಮಾಡಿ. ಒಂದೇ ತುಣುಕನ್ನು ಸ್ವರ ಬದಲಾಗದಂತೆ ನಿಧಾನಗೊಳಿಸುವ ಆ್ಯಪ್‌ಗಳಿವೆ. ಪ್ರತಿ ಎರಡು–ಮೂರು ನಿಮಿಷಕ್ಕೆ 5ರಿಂದ 10 ಬೀಟ್ ಇಳಿಸಿದರೆ ಇಳಿತ ಗೊತ್ತೇ ಆಗುವುದಿಲ್ಲ. ಫೈಲ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಡುವೆ ಜಾಹೀರಾತು ಬಂದರೆ ಅಲ್ಲಿಯವರೆಗಿನ ಕೆಲಸವೆಲ್ಲ ಹಾಳು. ವಾಲ್ಯೂಮ್ ನಿಮ್ಮ ಮಾತಿಗಿಂತ ಕೆಳಗಿರಲಿ.

ಎರಡು ಕಿವಿಗೂ ಬೇರೆ ಬೇರೆ ತರಂಗ ಕೊಡುವ 'ಬೈನಾರಲ್ ಬೀಟ್ಸ್' ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಅವುಗಳ ಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಅದನ್ನೇ ನಂಬಿ ಕೂರಬೇಡಿ.

ಮೂರನೇ ಹೆಜ್ಜೆ: ಉಸಿರನ್ನು ಬೀಟ್‌ಗೆ ಕೂರಿಸುವುದು

ಹೃದಯ ಸಂಗೀತದ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ ಅಂತ ಹಲವರು ನಂಬಿದ್ದಾರೆ. ಅಷ್ಟು ನೇರವಾಗಿ ಅದು ನಡೆಯುವುದಿಲ್ಲ. ಆದರೆ ಉಸಿರು ನಮ್ಮ ಹಿಡಿತಕ್ಕೆ ಸಿಗುತ್ತದೆ. ಉಸಿರು ಎಳೆದುಕೊಂಡಾಗ ಹೃದಯದ ಬಡಿತ ಸ್ವಲ್ಪ ಬೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದರ ಹಿಂದಿರುವುದು ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಹಾಗಾಗಿ ಉಸಿರು ಬಿಡುವ ಹೊತ್ತನ್ನು ಉದ್ದ ಮಾಡಿದರೆ ಹೃದಯವೂ ತಣ್ಣಗಾಗುತ್ತದೆ. ತಾಳ ಉಸಿರನ್ನು ಹಿಡಿಯುತ್ತದೆ, ಉಸಿರು ಹೃದಯವನ್ನು ಹಿಡಿಯುತ್ತದೆ.

ಸಂಗೀತ 60 ಬೀಟ್‌ಗೆ ಇಳಿದ ಮೇಲಿನ ಲೆಕ್ಕ ಹೀಗೆ. ನಿಮಿಷಕ್ಕೆ 15 ಸಲ ಉಸಿರಾಡುವವರಿಗೆ ಒಂದು ಉಸಿರು ಅಂದರೆ 4 ಬೀಟ್. ಎರಡು ಬೀಟ್‌ಗೆ ಒಳಗೆ, ಎರಡಕ್ಕೆ ಹೊರಗೆ. ಇಲ್ಲಿಂದಲೇ ಶುರು ಮಾಡಿ. ಒಂದೆರಡು ನಿಮಿಷ ಕಳೆದ ಮೇಲೆ ಎರಡಕ್ಕೆ ಒಳಗೆ, ಮೂರಕ್ಕೆ ಹೊರಗೆ. ಆಗ ನಿಮಿಷಕ್ಕೆ 12 ಉಸಿರು. ಮುಂದೆ ಮೂರು ಮತ್ತು ನಾಲ್ಕು. ಕೊನೆಗೆ ನಾಲ್ಕಕ್ಕೆ ಒಳಗೆ, ಆರಕ್ಕೆ ಹೊರಗೆ. ಅಲ್ಲಿಗೆ ನಿಮಿಷಕ್ಕೆ 6 ಉಸಿರು. ಹೃದಯ ಬಡಿತದ ಈ ಏರಿಳಿತ ತುಂಬಾ ಜನರಲ್ಲಿ ಚೆನ್ನಾಗಿ ಕಾಣುವುದು ಸುಮಾರು ಈ ವೇಗದಲ್ಲೇ.

ಎಲ್ಲರೂ ಆರಕ್ಕೆ ಇಳಿಯಲೇಬೇಕು ಅಂತೇನಿಲ್ಲ. ತಲೆ ಸುತ್ತಿದರೆ, ಉಸಿರು ಸಾಲದು ಅನಿಸಿದರೆ ಹಿಂದಿನ ಮೆಟ್ಟಿಲಿಗೆ ವಾಪಸ್ ಬನ್ನಿ. ಮನೆಯಲ್ಲಿ ಮಾಡುವವರು ಇಲ್ಲಿಗೆ ನಿಲ್ಲಿಸಬಹುದು. ದಿನಕ್ಕೆ ಹತ್ತು ನಿಮಿಷ ಇಷ್ಟು ಮಾಡಿದರೂ ಒಳ್ಳೆಯದೇ.

ನಾಲ್ಕನೇ ಹೆಜ್ಜೆ: ನಿಮ್ಮ ದನಿಯೇ ವಾದ್ಯ

ನಿಜ ಹೇಳಬೇಕೆಂದರೆ ಸೆಷನ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲಯ ಚಿಕಿತ್ಸಕರ ಮಾತಿನದು. ಸ್ಪೀಕರ್ ಕೆಟ್ಟರೂ ಸೆಷನ್ ನಡೆಯುತ್ತದೆ. ಮಾತಿನ ಲಯ ತಪ್ಪಿದರೆ ನಡೆಯುವುದಿಲ್ಲ.

ಎದುರಿಗಿರುವವರು ಉಸಿರು ಬಿಡುವಾಗ ಮಾತಾಡಿ, ಎಳೆದುಕೊಳ್ಳುವಾಗ ಸುಮ್ಮನಿರಿ. "ಭುಜ ಸಡಿಲವಾಗುತ್ತಿದೆ…" ಒಂದು ಉಸಿರು. "ಕೈಗಳು ಭಾರವಾಗುತ್ತಿವೆ…" ಇನ್ನೊಂದು ಉಸಿರು. ವಾಕ್ಯ ಚಿಕ್ಕದಿರಲಿ, ಕೊನೆಯ ಪದದ ದನಿ ಕೆಳಗಿಳಿಯಲಿ. ನಿಮ್ಮ ಮಾತಿನ ವೇಗವೂ ಅವರ ಮಾತಿನ ವೇಗದಿಂದಲೇ ಶುರುವಾಗಬೇಕು. ಮೊದಲ ವಾಕ್ಯದಲ್ಲೇ ಪಿಸುದನಿಗೆ ಇಳಿದರೆ ನಾಟಕದಂತೆ ಕೇಳುತ್ತದೆ ಅಲ್ವಾ? ಅವರ ನಂಬಿಕೆ ಅಲ್ಲೇ ಕಡಿಮೆಯಾಗುತ್ತದೆ.

ಈ ಹೊತ್ತಿನಲ್ಲಿ ಅವರಿಗೊಂದು ಪುಟ್ಟ ತಾಳ ಕೊಡಿ. ಬೆರಳಿನಿಂದ ತೊಡೆಯ ಮೇಲೆ ನಿಧಾನವಾಗಿ ಮೂರು ತಟ್ಟು, ಒಂದು ಬಿಡುವು. ತಟ್ಟುತ್ತಿರುವಾಗಲೇ ಹೇಳಿ, "ಮುಂದೆ ಯಾವಾಗ ಹೀಗೆ ತಟ್ಟಿದರೂ ಈ ನೆಮ್ಮದಿ ನೆನಪಾಗುತ್ತದೆ." ಹಲವು ಸೆಷನ್‌ಗಳಲ್ಲಿ ಇದನ್ನೇ ಮಾಡಿದರೆ ತಾಳವೂ ನೆಮ್ಮದಿಯೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಸ್ಕ್ಯಾನಿಂಗ್‌ಗೆ ಕಾಯುವಾಗ, ವಿಮಾನ ಮೇಲೇರುವಾಗ ಯಾರಿಗೂ ಕಾಣದಂತೆ ಅದನ್ನು ಬಳಸಬಹುದು.

ಐದನೇ ಹೆಜ್ಜೆ: ಸಂಗೀತ ನಿಲ್ಲಿಸಿ

2006ರಲ್ಲಿ ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಜೊತೆಗಾರರು 24 ಜನರಿಗೆ ಬಗೆಬಗೆಯ ಸಂಗೀತ ಕೇಳಿಸಿ ಉಸಿರು, ಹೃದಯ ಬಡಿತ, ರಕ್ತದೊತ್ತಡ ಅಳೆದರು. ವೇಗದ ಸಂಗೀತಕ್ಕೆ ಇವೆಲ್ಲ ಏರಿದವು. ಸಂಗೀತಗಳ ನಡುವೆ ಎರಡು ನಿಮಿಷದ ಮೌನವನ್ನೂ ಇಟ್ಟಿದ್ದರು. ಆ ಮೌನದಲ್ಲಿ ಮೈ ಶುರುವಿನ ಮಟ್ಟಕ್ಕಿಂತಲೂ ಕೆಳಗೆ ಇಳಿಯಿತು. ಇದು ನನಗೆ ತುಂಬಾ ಹಿಡಿಸಿದ ಫಲಿತಾಂಶ. ಸೆಷನ್‌ನ ಮುಕ್ಕಾಲು ಪಾಲು ಆದ ಮೇಲೆ ಸಂಗೀತವನ್ನು ಮೆಲ್ಲಗೆ ತಗ್ಗಿಸಿ ಒಂದೆರಡು ನಿಮಿಷ ಏನೂ ಇಲ್ಲದಂತೆ ಬಿಡಿ. ಮುಖ್ಯವಾದ ಸಲಹೆಯನ್ನು ಆ ಮೌನದ ಕೊನೆಯಲ್ಲಿ ಹೇಳಿ.

ವಾಪಸ್ ಕರೆತರುವಾಗ ಇಳಿದ ದಾರಿಯಲ್ಲೇ ಹತ್ತಬೇಕು. ಸ್ವಲ್ಪ ಚುರುಕಾದ ಸಂಗೀತ, ಒಂದರಿಂದ ಐದರವರೆಗೆ ಎಣಿಕೆ, ಸಹಜ ದನಿ. ಕೈಕಾಲು ಆಡಿಸಲು ಹೇಳಿ. ಪೂರ್ತಿ ಎಚ್ಚರವಾಗಿದ್ದಾರೆ ಅಂತ ಖಾತ್ರಿಯಾಗುವವರೆಗೆ ಗಾಡಿ ಓಡಿಸಲು ಬಿಡಬೇಡಿ.

ಕಾಲಿಗೂ ಮಾತಿಗೂ ಅದೇ ನಿಯಮ

ಸಮ್ಮೋಹನದ ಆಚೆಗೂ ಲಯ ಕೆಲಸ ಮಾಡುತ್ತದೆ. ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ಸ್‌ನಿಂದ ನಡಿಗೆ ಕೆಟ್ಟವರಿಗೆ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ತಾಳದ ಸಾಧನ) ಹಾಕಿ ನಡೆಸುವ ಕ್ರಮವಿದೆ. ಅಲ್ಲೂ ಮೊದಲು ಅವರದೇ ಹೆಜ್ಜೆಯ ವೇಗ ಎಣಿಸುತ್ತಾರೆ. ನಿಮಿಷಕ್ಕೆ 80 ಹೆಜ್ಜೆ ಇದ್ದರೆ ಬೀಟ್ ಕೂಡ 80. ನಡಿಗೆ ಕೂತ ಮೇಲೆ ಶೇ 5ರಿಂದ 10ರಷ್ಟು, ಅಂದರೆ 84 ಅಥವಾ 88ಕ್ಕೆ ಏರಿಸುತ್ತಾರೆ. ಸ್ಟ್ರೋಕ್‌ನಿಂದ ಮಾತು ನಿಂತವರಲ್ಲಿ ಕೆಲವರು ಹಾಡಬಲ್ಲರು. ಇದನ್ನೇ ಹಿಡಿದು 1970ರ ದಶಕದಲ್ಲಿ 'ಮೆಲಾಡಿಕ್ ಇಂಟೊನೇಶನ್ ಥೆರಪಿ' ರೂಪುಗೊಂಡಿತು. ಎಡಗೈಯಿಂದ ತಾಳ ತಟ್ಟುತ್ತಾ "ನೀರು ಬೇಕು" ಎಂಬಂಥ ಪುಟ್ಟ ಮಾತನ್ನು ರಾಗವಾಗಿ ಹೇಳಿಸುತ್ತಾರೆ. ಆಮೇಲೆ ರಾಗವನ್ನು ಮೆಲ್ಲಗೆ ಕಳಚುತ್ತಾರೆ.

ಯಾರಿಗೆ ಬೇಡ

ಭ್ರಮೆಗಳು ಕಾಡುವ ಮಾನಸಿಕ ಕಾಯಿಲೆ ಇರುವವರಿಗೆ, ತಾನು ಎಲ್ಲಿದ್ದೇನೆಂಬ ಅರಿವೇ ಆಗಾಗ ತಪ್ಪುವವರಿಗೆ ಮನೋವೈದ್ಯರ ಒಪ್ಪಿಗೆ ಇಲ್ಲದೆ ಸಮ್ಮೋಹನ ಮಾಡಬೇಡಿ. ದೊಡ್ಡ ಆಘಾತ ಕಂಡವರಲ್ಲಿ ಸಂಗೀತ ಹಳೆಯದನ್ನು ಒಮ್ಮೆಗೇ ಮೇಲೆತ್ತಬಹುದು, ಅಂಥವರಿಗೆ ಮಾನಸಿಕ ಆಘಾತಕ್ಕೆ ಚಿಕಿತ್ಸೆ ಕೊಡಬಲ್ಲವರೇ ಬೇಕು. ಸಂಗೀತದಿಂದಲೇ ಮೂರ್ಛೆ ಬರುವ ಅಪರೂಪದ ಎಪಿಲೆಪ್ಸಿಯೂ ಇದೆ. ಕಾರಣ ಗೊತ್ತಿಲ್ಲದ ನೋವನ್ನು ಮೊದಲು ವೈದ್ಯರೇ ನೋಡಲಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮರೆತ ನೆನಪುಗಳನ್ನು ಅಗೆದು ತೆಗೆಯಲು ಈ ವಿಧಾನ ಬಳಸಲೇಬೇಡಿ. ಸಮ್ಮೋಹನದಲ್ಲಿ ನಡೆಯದೇ ಇದ್ದದ್ದೂ ನಡೆದಂತೆ ಅನಿಸಬಹುದು. ಸಂಗೀತ ಜೊತೆಗಿದ್ದರೆ ಚಿತ್ರಗಳು ಇನ್ನಷ್ಟು ಗಾಢವಾಗುತ್ತವೆ, ಸುಳ್ಳು ನೆನಪೂ ನಿಜದಷ್ಟೇ ಗಟ್ಟಿಯಾಗಿ ಕಾಣುತ್ತದೆ. ಸೆಷನ್‌ನಲ್ಲಿ ಅವರಾಗಿಯೇ ಏನಾದರೂ ಹೇಳಿದರೆ ಗೌರವದಿಂದ ಕೇಳಿ. ನಿಮ್ಮ ಕಡೆಯಿಂದ "ಆಮೇಲೆ ಯಾರು ಬಂದರು?" ಎಂಬಂಥ ಪ್ರಶ್ನೆ ಹೋಗಬಾರದು.