ಕುದುರೆಮುಖ: ತುದಿಗಿಂತ ದಾರಿಯನ್ನು ನೋಡಿ

ಕುದುರೆಮುಖಕ್ಕೆ ಹೊರಟವರಲ್ಲಿ ಹೆಚ್ಚಿನವರಿಗೆ 1,894 ಮೀಟರ್ ಎತ್ತರದ ತುದಿ ಮುಟ್ಟುವುದೇ ಗುರಿ. ಮಂಜು ಕವಿದ ದಿನ ಅಲ್ಲಿ ಪಕ್ಕದಲ್ಲಿ ನಿಂತವರ ಮುಖವೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ, ನೋಡಬೇಕಾದದ್ದೆಲ್ಲ ದಾರಿಯಲ್ಲೇ ಇದೆ.

ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಪಡೆಯಿರಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ಹಿಂದಿನ ರಾತ್ರಿಯೇ ಕಳಸದ ಕಡೆ ತಂಗಿ, ಬೆಳಿಗ್ಗೆ ಬೇಗ ಜೀಪಿನಲ್ಲಿ ಚಾರಣ ಶುರುವಾಗುವ ಮುಳ್ಳೋಡಿ ಸೇರಿಕೊಳ್ಳಿ. ಮಳೆಗಾಲವಾದರೆ ಇಂಬಳ (ಜಿಗಣೆ) ತಪ್ಪಿದ್ದಲ್ಲ: ಕಾಲಿಗೆ ಉದ್ದನೆಯ ಕಾಲುಚೀಲ ಹಾಕಿ, ಜೊತೆಗೆ ಒಂದಿಷ್ಟು ಉಪ್ಪು ಇಟ್ಟುಕೊಳ್ಳಿ.

ಹುಲ್ಲುಗಾವಲು ಶುರುವಾದ ಕೂಡಲೇ ನಿಂತು ಬೆಟ್ಟದ ಮೈಯನ್ನು ಗಮನಿಸಿ. ದಿಬ್ಬದ ಮೇಲೆಲ್ಲ ಬರೀ ಹುಲ್ಲು, ಎರಡು ದಿಬ್ಬ ಕೂಡುವ ಕಣಿವೆಯಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಇದೇ ಶೋಲಾ. ಗಾಳಿ ತಾಕದ, ಮಣ್ಣು ಆಳವಾಗಿ ತೇವ ಹಿಡಿದಿರುವ ಜಾಗದಲ್ಲಿ ಮರ ನಿಲ್ಲುತ್ತದೆ. ಮೇಲೆ ಗಾಳಿಯ ಹೊಡೆತಕ್ಕೂ ತೆಳು ಮಣ್ಣಿಗೂ ಹುಲ್ಲೇ ಸೈ. ಈ ಹುಲ್ಲನ್ನು ಬರಡು ಭೂಮಿ ಎಂದು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಳೆ ನೀರನ್ನು ಸ್ಪಂಜಿನಂತೆ ಹೀರಿಕೊಂಡು ನಿಧಾನವಾಗಿ ಬಿಡುವುದು ಹುಲ್ಲೂ ಶೋಲಾವೂ ಸೇರಿ. ಮಳೆ ನಿಂತ ಮೇಲೂ ದಾರಿಯ ಹಳ್ಳಗಳು ಹರಿಯುವುದು ಇದರಿಂದಲೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ; ಮೊದಲೆರಡು ಪೂರ್ವಕ್ಕೆ, ನೇತ್ರಾವತಿ ಪಶ್ಚಿಮದ ಕಡಲಿಗೆ.

ಸಿಂಗಳೀಕ ನೋಡುವ ಆಸೆಯಿದ್ದರೆ ಹುಲ್ಲಿನಲ್ಲಿ ಹುಡುಕಬೇಡಿ. ಅದು ತಗ್ಗಿನ ನಿತ್ಯಹರಿದ್ವರ್ಣ ಕಾಡಿನ ಪ್ರಾಣಿ, ನೆಲಕ್ಕೆ ಇಳಿಯುವುದೇ ಅಪರೂಪ. ಕಪ್ಪು ಮುಖ ಕಂಡ ಮಾತ್ರಕ್ಕೆ ಸಿಂಗಳೀಕ ಎನ್ನಬೇಡಿ, ಮುಸುವನ ಮುಖವೂ ಕಪ್ಪೇ. ಮೈ ಕಪ್ಪಾಗಿ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಅದೇ.

ಹಿಂದಿರುಗುವಾಗ ಕುದುರೆಮುಖ ಪಟ್ಟಣದ ಮೂಲಕ ಬನ್ನಿ. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೂ ಇಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಪ್ರತಿ ಮಳೆಗೂ ಗಣಿಯ ಹೂಳು ಭದ್ರೆಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ನೀಡಿ, 2005ರ ಕೊನೆಗೆ ಗಣಿ ನಿಂತಿತು. ಅದಿರು ತೆಗೆದ ಮೇಲೆ ಉಳಿದ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು ಮಾತ್ರ ಈಗಲೂ ಅಲ್ಲೇ ಇದೆ.