ವರ್ಕೆಡ್ ಬಿಡಿ, ವರ್ಕ್ಟ್ ಅನ್ನಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಚಹಾ ಕುಡಿಯುತ್ತ ನಿಂತರೆ ಪಕ್ಕದಲ್ಲೇ ಯಾರಾದರೂ ಸಂದರ್ಶನಕ್ಕೆ ಇಂಗ್ಲಿಷ್ ಉರು ಹೊಡೆಯುತ್ತಿರುತ್ತಾರೆ. 'ಐ ವರ್ಕೆಡ್ ಇನ್ ಹುಬ್ಬಳ್ಳಿ.' ನಾನೂ ಒಂದು ಸಂದರ್ಶನದಲ್ಲಿ ಹೀಗೇ ಹೇಳಿ ಎರಡು ಸಲ 'ಪಾರ್ಡನ್?' ಅನ್ನಿಸಿಕೊಂಡಿದ್ದೆ. ತಪ್ಪು ವ್ಯಾಕರಣದ್ದಲ್ಲ, ಪದದ ಬಾಲದ್ದು.

ಮೊದಲು ನಮ್ಮ ಒಂದು ಅಭ್ಯಾಸ ನೋಡಿ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಬಸ್ ನಮಗೆ ಬಸ್ಸು ಆಯಿತು. ನಮ್ಮ ಕಡೆಯ ಆಡುಮಾತಿನಲ್ಲಂತೂ ಬಸ್ಸ, ಕಾರ. ಕನ್ನಡ ಮಾತಾಡುವಾಗ ಅದೇ ಚಂದ. ಆದರೆ ಇಂಗ್ಲಿಷಿನಲ್ಲಿ ಕಪ್ ಹೋಗಿ ಕಪ್ಪು ಆದರೆ ಕಷ್ಟ. ಕಪ್ ಅನ್ನಿ, ತುಟಿ ಮುಚ್ಚಿ, ಅಲ್ಲೇ ನಿಲ್ಲಿ. ಬಾಲ ತಾನಾಗಿ ಉದುರುತ್ತದೆ.

ಈಗ ಎರಡು ಬೆರಳು ಗಂಟಲ ಮೇಲಿಡಿ. ಹಾವಿನ ಹಾಗೆ 'ಸ್ಸ್ಸ್' ಅನ್ನಿ. ಗಂಟಲು ಸುಮ್ನೆ ಇರುತ್ತದೆ. ಜೇನುನೊಣದ ಹಾಗೆ 'ಜ಼್ಜ಼್' ಅನ್ನಿ, ನಡುಗುತ್ತದೆ. ಕ-ಗ, ಚ-ಜ, ಪ-ಬ ಜೋಡಿಗಳಲ್ಲೂ ಇದೇ ವ್ಯತ್ಯಾಸ. ನಾಲಿಗೆ, ತುಟಿ ಮುಟ್ಟುವ ಜಾಗ ಒಂದೇ, ಗಂಟಲಿನ ನಡುಕ ಮಾತ್ರ ಬೇರೆ. ಒಂದನೇ ಕ್ಲಾಸಿನಲ್ಲಿ ಕಲಿತ ವರ್ಣಮಾಲೆ ಈಗ ಕೆಲಸಕ್ಕೆ ಬಂತು, ಅಲ್ವಾ?

ಹಿಂದೆ ನಡೆದದ್ದನ್ನು ಹೇಳುವಾಗ ಕ್ರಿಯಾಪದದ ಕೊನೆಗೆ ಇ, ಡಿ ಎಂಬ ಎರಡು ಅಕ್ಷರ ಬರುತ್ತವಲ್ಲ, ಅದನ್ನು ಕಣ್ಣಿನಿಂದ ಓದಿದರೆ 'ಎಡ್' ಆಗುತ್ತದೆ. ಗಂಟಲಿಗೆ ಕೇಳಿ. ಮೂಲ ಪದ ಕ್, ಪ್, ಸ್, ಶ್, ಚ್, ಫ್ ಹೀಗೆ ನಡುಗದ ಸದ್ದಿನಲ್ಲಿ ಮುಗಿದರೆ ಬಾಲ ಟ್: ವರ್ಕ್ಟ್, ಸ್ಟಾಪ್ಟ್, ವಾಶ್ಟ್. ನಡುಗುವ ಸದ್ದಿದ್ದರೆ ಡ್: ಕಾಲ್ಡ್, ಕ್ಲೀನ್ಡ್, ಪ್ಲೇಡ್. ಮೊದಲೇ ಟ್ ಅಥವಾ ಡ್ ಇದ್ದರೆ ಮಾತ್ರ ನಡುವೆ ಒಂದು ಸ್ವರ ಬೇಕು: ವೇಟಿಡ್, ನೀಡಿಡ್.

ಪಕ್ಕದ ಸದ್ದಿಗೆ ಹೊಂದಿಕೊಳ್ಳುವ ಈ ಗುಣ ನಮಗೆ ಹೊಸದೇನಲ್ಲ. ಮಳೆ, ಕಾಲ ಸೇರಿದರೆ ಮಳೆಗಾಲ. ಎರಡು ಸ್ವರಗಳ ನಡುವೆ ಸಿಕ್ಕ ಕ ತಾನೂ ನಡುಗಿ ಗ ಆಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆದೇಶ ಸಂಧಿ ಇದು. ಇಂಗ್ಲಿಷಿನಲ್ಲಿ ಕ್ ಪಕ್ಕ ಬಂದ ಡ್ ನಡುಕ ಬಿಟ್ಟು ಟ್ ಆಗುತ್ತದೆ, ಅಷ್ಟೇ.

ಬಹುವಚನದ ಬಾಲಕ್ಕೂ ಇದೇ ಲೆಕ್ಕ. ಬುಕ್ಸ್, ಕಪ್ಸ್ ಸರಿ. ಬ್ಯಾಗ್ ಮಾತ್ರ ಬ್ಯಾಗ್ಜ಼್. ಬಸ್ ಆದರೆ ಬಸಿಜ಼್. ಈ ಜ಼ ಕನ್ನಡದ ಮೂಲ ಸದ್ದಲ್ಲ, ಜ ಅಂದುಬಿಡುತ್ತೇವೆ. ಹುಬ್ಬಳ್ಳಿಯಲ್ಲಿ ಉರ್ದು ಕೇಳುತ್ತ ಬೆಳೆದವರಿಗೆ ಇದು ಸಲೀಸು. ನಮಾಜ಼್ ಪದದ ಕೊನೆಯ ಸದ್ದೇ ಅದು.

ಇನ್ನೊಂದು ಸಣ್ಣದು. ಲಗೇಜ್, ವಿಲೇಜ್ ಪದಗಳ ಬಾಲವನ್ನು ಎಳೆಯಬೇಡಿ. ಲಗಿಜ್, ವಿಲಿಜ್. ನೇಕಿಡ್, ವಿಕಿಡ್ ಎಂಬ ವಿಶೇಷಣಗಳು ಮೇಲೆ ಹೇಳಿದ ಟ್-ಡ್ ನಿಯಮಕ್ಕೆ ಬಗ್ಗುವುದಿಲ್ಲ. ಸುಮ್ನೆ ನೆನಪಿಡಿ.

ಎರಡು ವ್ಯಂಜನ ಒಟ್ಟಿಗೆ ಬಂದು ನಾಲಿಗೆ ತಡವರಿಸಿದರೆ, ಬಾಲವನ್ನು ಮುಂದಿನ ಪದದ ಸ್ವರಕ್ಕೆ ಅಂಟಿಸಿ. 'ವರ್ಕ್ಟ್ ಇನ್' ಕಷ್ಟ ಅನಿಸಿದರೆ 'ವರ್ಕ್-ಟಿನ್' ಅನ್ನಿ. ಊರು, ಅಲ್ಲಿ ಸೇರಿಸಿ ಊರಲ್ಲಿ ಅನ್ನುವವರು ನಾವು, ಇದೇನು ಮಹಾ.

ಅಭ್ಯಾಸಕ್ಕೆ ಚಿಗರಿ ಬಸ್ಸು ಸಾಕು. ಹುಬ್ಬಳ್ಳಿಯಿಂದ ಧಾರವಾಡದ ತನಕ ಸುಮಾರು 22 ಕಿಲೋಮೀಟರ್ ಹಾದಿಯಲ್ಲಿ ಇವತ್ತು ಮಾಡಿದ್ದನ್ನೆಲ್ಲ ಮೆಲ್ಲಗೆ ಹೇಳಿಕೊಳ್ಳಿ: ವೇಟಿಡ್, ವಾಕ್ಟ್, ಕಾಲ್ಡ್, ಆಸ್ಕ್ಟ್. ಕೊನೆಯದು ನಾಲಿಗೆಗೆ ಗಂಟು ಹಾಕಿದರೆ ಬೇಜಾರಾಗಬೇಡಿ. ಇಂಗ್ಲಿಷ್ ಮನೆಮಾತಿನವರೂ ಗಡಿಬಿಡಿಯಲ್ಲಿ ನಡುವಿನ ಕ್ ನುಂಗಿ 'ಆಸ್ಟ್' ಅಂದುಬಿಡುತ್ತಾರೆ.